ಇಳಿಸುವಾಗ ಬರುವ ನೋವು

ಮೈಸೂರಿನ ಚಾಮುಂಡಿ ಬೆಟ್ಟವನ್ನು ಮೆಟ್ಟಿಲೇರಿ ಹತ್ತಿ, ಮೆಟ್ಟಿಲಲ್ಲೇ ಇಳಿದು ಬಂದವರಿಗೆ ಮಾರನೆಯ ದಿನಕ್ಕಿಂತ ಅದರ ಮಾರನೆಯ ದಿನ ಏನಾಗುತ್ತದೆ ಎಂಬುದು ಚೆನ್ನಾಗಿ ಗೊತ್ತು. ಹಾಸಿಗೆಯಿಂದ ಏಳುವಾಗ ತೊಡೆ ಹಿಡಿದುಕೊಂಡಿರುತ್ತದೆ. ಮೀನಖಂಡವನ್ನು ಸುಮ್ಮನೆ ಮುಟ್ಟಿದರೂ ಜೀವ ಹೋದಂತಾಗುತ್ತದೆ. ಮನೆಯ ಮುಂದಿನ ಎರಡು ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕು. ‘ಸಾವಿರ ಮೆಟ್ಟಿಲು ಹತ್ತಿದ್ದೀವಿ, ನೋವಾಗದೆ ಇರುತ್ತಾ?’ ಎಂದು ಎಲ್ಲರೂ ಹೇಳುತ್ತಾರೆ. ಹತ್ತುವಾಗ ಏದುಸಿರು ಬಂದದ್ದು, ಬೆವರು ಇಳಿದದ್ದು, ದೊಡ್ಡ ನಂದಿಯ ಬಳಿ ಕುಳಿತು ಸುಧಾರಿಸಿಕೊಂಡದ್ದು ನೆನಪಿನಲ್ಲಿ ಉಳಿದಿರುತ್ತದೆ. ಇಳಿದದ್ದು ಯಾರಿಗೂ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಮೆಟ್ಟಿಲು ಹತ್ತಿ ಹೋಗಿ ಸಿಟಿ ಬಸ್ಸಿನಲ್ಲಿ ವಾಪಸು ಬಂದವರನ್ನು ವಿಚಾರಿಸಿ ನೋಡಿ. ಅವರ ತೊಡೆಗೆ ಇಷ್ಟು ನೋವಿರುವುದಿಲ್ಲ. ಮೂರು ದಿನ ಕಾಡುವ ಆ ನೋವನ್ನು ತಂದದ್ದು ಇಳಿಯುವ ದಾರಿ.

ಜಿಮ್‌ಗೆ ಹೊಸದಾಗಿ ಸೇರಿದವರನ್ನು ಮೊದಲ ವಾರ ಹೈರಾಣಾಗಿಸುವ ಮೈಕೈ ನೋವಿನ ಮೂಲವೂ ಇಲ್ಲೇ ಇದೆ. ಡಂಬೆಲ್ ಹಿಡಿದು ಮೊಣಕೈ ಮಡಚಿದಾಗ ರಟ್ಟೆಯ ಮುಂಭಾಗದ ಸ್ನಾಯು ಗಿಡ್ಡವಾಗುತ್ತಾ ಭಾರವನ್ನು ಮೇಲಕ್ಕೆ ತರುತ್ತದೆ. ಕೈಯನ್ನು ನಿಧಾನವಾಗಿ ಕೆಳಗಿಳಿಸುವಾಗ ದುಡಿಯುವುದೂ ಅದೇ ಸ್ನಾಯು. ಬಾವಿಗೆ ಕೊಡ ಇಳಿಬಿಡುವವರು ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡೇ ಸ್ವಲ್ಪಸ್ವಲ್ಪವಾಗಿ ಬಿಡುತ್ತಾ ಹೋಗುವಂತೆ, ಸ್ನಾಯು ತನ್ನ ಬಿಗಿಯನ್ನು ಬಿಟ್ಟುಕೊಡದೆ ಉದ್ದವಾಗುತ್ತಾ ಹೋಗುತ್ತದೆ. ಬಸ್ಕಿ ಹೊಡೆಯುವಾಗ ಕೆಳಗೆ ಕೂರುವುದು, ಬೆಂಚ್ ಪ್ರೆಸ್‌ನಲ್ಲಿ ಬಾರ್ ಅನ್ನು ಎದೆಯ ಹತ್ತಿರ ತರುವುದು, ಇಳಿಜಾರಿನಲ್ಲಿ ಓಡುವುದು, ಬೆಟ್ಟ ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಮೈಭಾರವನ್ನು ಒಂದೇ ಕಾಲಿನ ಮೇಲೆ ತಾಳಿಕೊಳ್ಳುವುದು, ಎಲ್ಲವೂ ಈ ಬಗೆಯ ಕೆಲಸವೇ. ಆ ಹೊತ್ತಿಗೆ ಇದು ಹಗುರ ಎನಿಸುತ್ತದೆ. ಉಸಿರು ಏರುವುದಿಲ್ಲ, ದಣಿವು ತಿಳಿಯುವುದಿಲ್ಲ. ಅದಕ್ಕೇ ನಾವು ಅದನ್ನು ಕೆಲಸವೆಂದು ಎಣಿಸುವುದಿಲ್ಲ.

ಅದು ಎಷ್ಟು ಹಗುರ ಎಂಬುದನ್ನು 1952ರಲ್ಲಿ ಲಂಡನ್ನಿನ ಮೂವರು ಶರೀರ ವಿಜ್ಞಾನಿಗಳು ಸೊಗಸಾದ ಪ್ರಯೋಗವೊಂದರಿಂದ ತೋರಿಸಿದರು. ಅಬಾಟ್, ಬ್ರೆಂಡಾ ಬಿಗ್ಲ್ಯಾಂಡ್ ಮತ್ತು ರಿಚಿ ಎಂಬವರು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ, ಒಂದೇ ಚೈನಿನಿಂದ ಜೋಡಿಸಿದರು. ಒಬ್ಬರು ಪೆಡಲ್ ತುಳಿದರೆ ಇನ್ನೊಬ್ಬರ ಪೆಡಲ್ ಹಿಮ್ಮುಖವಾಗಿ ತಿರುಗುತ್ತಿತ್ತು. ಎರಡನೆಯವರು ಅದು ತಿರುಗದಂತೆ ತಡೆಯುತ್ತಾ, ಕಾಲಿನಿಂದ ಒತ್ತಿ ಹಿಡಿಯಬೇಕು. ಇಬ್ಬರ ಕಾಲಿನ ಮೇಲೂ ಬೀಳುತ್ತಿದ್ದ ಬಲ ಒಂದೇ. ಆದರೆ ತುಳಿಯುವವರು ಬಳಸುತ್ತಿದ್ದ ಆಮ್ಲಜನಕದ ಮುಂದೆ ತಡೆಯುವವರ ಖರ್ಚು ತೀರಾ ಕಡಿಮೆ. ರಾಯಲ್ ಸೊಸೈಟಿಯಲ್ಲಿ ಇದನ್ನು ಪ್ರದರ್ಶಿಸಿದಾಗ ದೊಡ್ಡ ಮೈಯ ಗಂಡಸೊಬ್ಬರು ತುಳಿದು ತುಳಿದು ಸುಸ್ತಾದರೆ, ಸಣ್ಣ ಮೈಕಟ್ಟಿನ ಹೆಂಗಸು ಆರಾಮವಾಗಿ ತಡೆದು ಕುಳಿತಿದ್ದರು. ನೆರೆದವರಿಗೆ ಅದು ದೊಡ್ಡ ಸೋಜಿಗವಾಗಿತ್ತಂತೆ.

ತಡೆಹಿಡಿಯುವ ಕೆಲಸದಲ್ಲಿ ಸ್ನಾಯುವಿನ ಒಂದೊಂದು ಎಳೆಯೂ ಹೆಚ್ಚು ಬಲ ತಾಳಬಲ್ಲದು. ಹಾಗಾಗಿ ಮಿದುಳು ಕಡಿಮೆ ಎಳೆಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಇಂಧನ ಉಳಿಯಿತು, ಸರಿ. ಆದರೆ ಪೂರ್ತಿ ಭಾರ ಈಗ ಕೆಲವೇ ಎಳೆಗಳ ಪಾಲು. ರೂಢಿಯಿಲ್ಲದ ಸ್ನಾಯುವಿನಲ್ಲಿ ಅವುಗಳೊಳಗಿನ ಅತಿ ಸೂಕ್ಷ್ಮ ಕಟ್ಟುಗಳು ಅಲ್ಲಲ್ಲಿ ಮಿತಿಮೀರಿ ಹಿಗ್ಗುತ್ತವೆ, ಜೋಡಣೆ ತಪ್ಪುತ್ತವೆ. ಸ್ವೀಡನ್ನಿನ ಯಾನ್ ಫ್ರಿಡೆನ್ ಮತ್ತು ಸಂಗಡಿಗರು 1981ರಲ್ಲಿ, ಮತ್ತೆ ಮತ್ತೆ ಮೆಟ್ಟಿಲಿಳಿದು ಓಡಿದವರ ಕಾಲಿನ ಸ್ನಾಯುವಿನಿಂದ ಸಣ್ಣ ಚೂರು ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟರು. ಸಾಲುಸಾಲಾಗಿ ನೇರವಾಗಿರಬೇಕಾದ ಗೆರೆಗಳು ಅಲ್ಲಲ್ಲಿ ಸೊಟ್ಟಗಾಗಿ ಚೆದರಿಹೋಗಿದ್ದವು. ಇಂಥದ್ದೇನೋ ಇರಬೇಕೆಂದು ಊಹಿಸಿದವರು ಅದಕ್ಕೂ ಬಹಳ ಹಿಂದೆಯೇ ಇದ್ದರು. ಅಮೆರಿಕದ ಥಿಯೋಡೋರ್ ಹಫ್ 1902ರಲ್ಲೇ, ಬೆರಳಿನಿಂದ ಸ್ಪ್ರಿಂಗ್ ಎಳೆಸುವ ಪ್ರಯೋಗ ಮಾಡಿಸಿ, ಕೆಲಸ ಮಾಡುತ್ತಿರುವಾಗಲೇ ಬರುವ ದಣಿವಿನ ನೋವು ಬೇರೆ, ಮರುದಿನ ತಲೆಯೆತ್ತುವ ನೋವು ಬೇರೆ ಎಂದು ಗುರುತಿಸಿದ್ದರು. ಎರಡನೆಯದು ಸ್ನಾಯುವಿನೊಳಗೆ ಎಲ್ಲೋ ಹರಿದಿರುವುದರ ಫಲ ಎಂಬುದು ಅವರ ತರ್ಕ.

ಹೀಗಿದ್ದೂ ಇವತ್ತಿಗೂ ಯಾವ ಜಿಮ್‌ಗೆ ಹೋದರೂ ಕಿವಿಗೆ ಬೀಳುವ ಮಾತು ಒಂದೇ: ‘ಲ್ಯಾಕ್ಟಿಕ್ ಆ್ಯಸಿಡ್ ಸೇರಿಕೊಂಡಿದೆ ಸರ್, ಸ್ವಲ್ಪ ಸ್ಟ್ರೆಚ್ ಮಾಡಿ, ಹೊರಟುಹೋಗುತ್ತೆ.’ ಕಲಿಸುವವರು ಇದನ್ನು ತಮ್ಮ ಉಸ್ತಾದರಿಂದ ಕೇಳಿಕೊಂಡು ಬಂದಿದ್ದಾರೆ. ಈ ನಂಬಿಕೆಯ ಬೇರು ಆಳದಲ್ಲಿದೆ. ಹುಳಿ ಹಾಲಿನಲ್ಲಿ ಈ ಆಮ್ಲವನ್ನು 1780ರಲ್ಲಿ ಕಂಡುಹಿಡಿದವರು ಸ್ವೀಡನ್ನಿನ ಷೀಲೆ. ಬೇಟೆಯಲ್ಲಿ ಓಡಿ ದಣಿದು ಸತ್ತ ಜಿಂಕೆಯ ಮಾಂಸದಲ್ಲೂ ಅದಿದೆ ಎಂದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೇಳಿದವರು ಬರ್ಜೀಲಿಯಸ್. ಸ್ನಾಯು ದುಡಿಯುವಾಗ ಹುಟ್ಟುವ ಶಾಖ ಮತ್ತು ಲ್ಯಾಕ್ಟಿಕ್ ಆಮ್ಲದ ಮೇಲಿನ ಕೆಲಸಕ್ಕೆ ಎ.ವಿ. ಹಿಲ್ ಮತ್ತು ಆಟೊ ಮೆಯರ್‌ಹಾಫ್ ಅವರಿಗೆ 1922ರ ನೊಬೆಲ್ ಸಂದಿತು. ದಣಿವೆಂದರೆ ಲ್ಯಾಕ್ಟಿಕ್ ಆಮ್ಲ ಎಂಬ ಮಾತು ಅಲ್ಲಿಂದ ಆಟದ ಮೈದಾನಕ್ಕೆ, ಮೈದಾನದಿಂದ ಜಿಮ್‌ಗೆ ಬಂದು ಬೇರೂರಿತು.

ವ್ಯಾಯಾಮ ಮುಗಿದು ಒಂದು ಗಂಟೆಯೊಳಗೆ ರಕ್ತದಲ್ಲಿ ಲ್ಯಾಕ್ಟೇಟ್ ಮಟ್ಟ ಮೊದಲಿನ ಸ್ಥಿತಿಗೆ ಮರಳಿರುತ್ತದೆ. ಹೃದಯ ಅದನ್ನು ಇಂಧನವಾಗಿ ಉರಿಸುತ್ತದೆ, ಯಕೃತ್ತು ಮತ್ತೆ ಸಕ್ಕರೆಯಾಗಿಸುತ್ತದೆ. ಸೋಮವಾರ ಸಂಜೆಯೇ ಖಾಲಿಯಾದದ್ದು ಬುಧವಾರ ಬೆಳಿಗ್ಗೆ ನೋವು ಕೊಡುವುದಾದರೂ ಹೇಗೆ? ಈ ಪ್ರಶ್ನೆಗೆ 1983ರಲ್ಲಿ ಅಮೆರಿಕದ ಸಂಶೋಧಕರು ಪ್ರಯೋಗದಿಂದಲೇ ಉತ್ತರ ಕೊಟ್ಟರು. ಓಟಗಾರರನ್ನು ಒಮ್ಮೆ ಸಮತಟ್ಟಾದ ಟ್ರೆಡ್‌ಮಿಲ್ ಮೇಲೆ, ಇನ್ನೊಮ್ಮೆ ಇಳಿಜಾರಾಗಿಸಿದ ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಸಮತಟ್ಟಿನ ಓಟದಲ್ಲಿ ಲ್ಯಾಕ್ಟೇಟ್ ಏರಿತು, ನೋವು ಬರಲಿಲ್ಲ. ಇಳಿಜಾರಿನ ಓಟದಲ್ಲಿ ಲ್ಯಾಕ್ಟೇಟ್ ಏರಲೇ ಇಲ್ಲ, ನೋವು ಮಾತ್ರ ಬಂತು. ಇಷ್ಟು ಸ್ಪಷ್ಟವಾದ ಉತ್ತರ ಸಿಕ್ಕಿ ನಾಲ್ಕು ದಶಕ ಕಳೆದರೂ ಹಳೆಯ ಮಾತು ಹೋಗಿಲ್ಲ. ಅದರಿಂದ ನಷ್ಟವೂ ಇದೆ. ಆಮ್ಲ ಸೇರಿದೆ ಎಂದು ನಂಬಿದವರು ಅದನ್ನು ಹೊರಹಾಕುವ ದಾರಿ ಹುಡುಕುತ್ತಾರೆ. ಸ್ಟ್ರೆಚಿಂಗ್, ಬಿಸಿ ಹಬೆ, ಲಿಂಬೆ ನೀರು, ಇನ್ನಷ್ಟು ಬೆವರು. ನೋವು ಬಾರದಂತೆ ಮೊದಲೇ ನೋಡಿಕೊಳ್ಳಬಹುದಿತ್ತು ಎಂಬ ಕಡೆಗೆ ಗಮನವೇ ಹೋಗುವುದಿಲ್ಲ.

ಪೆಟ್ಟು ಆಗಲೇ ಬಿದ್ದಿದ್ದರೂ ನೋವು ಇಷ್ಟು ತಡವಾಗಿ ಬರುವುದೇಕೆ ಎಂಬುದು ಸಹಜವಾದ ಪ್ರಶ್ನೆ. ಏರುಪೇರಾದ ಎಳೆಗಳನ್ನು ಸರಿಪಡಿಸಲು ದೇಹ ಕಳಿಸುವ ಜೀವಕೋಶಗಳು ಬಂದು ಸೇರಲು ಹೊತ್ತು ಬೇಕು. ಆ ದುರಸ್ತಿಯ ಕೆಲಸದಲ್ಲೇ ಸ್ನಾಯು ಸ್ವಲ್ಪ ಊದಿಕೊಳ್ಳುತ್ತದೆ. ಜಪಾನಿನ ಕಝುಯೆ ಮಿಝುಮುರಾ ಮತ್ತು ಸಂಗಡಿಗರು ಇಲಿಗಳಲ್ಲಿ ಕಂಡಂತೆ, ಆ ಹೊತ್ತಿನಲ್ಲಿ ಸ್ನಾಯುವಿನಲ್ಲಿ ಹುಟ್ಟುವ ಬ್ರ್ಯಾಡಿಕೈನಿನ್, ನರ ಬೆಳವಣಿಗೆ ಪ್ರೋಟೀನಿನಂಥ ರಾಸಾಯನಿಕಗಳು ಅಲ್ಲಿನ ನರತುದಿಗಳನ್ನು ಸೂಕ್ಷ್ಮವಾಗಿಸುತ್ತವೆ. ಬೇರೆ ದಿನ ತಿಳಿಯದೇ ಹೋಗುವ ಒತ್ತಡ, ಎಳೆತ ಈಗ ನೋವಾಗಿ ಕಾಣುತ್ತದೆ. ಆದ್ದರಿಂದಲೇ ಸುಮ್ಮನೆ ಕುಳಿತಾಗ ಏನೂ ಇಲ್ಲದ ತೊಡೆ ಎದ್ದು ನಿಂತಾಗ ಕೂಗುತ್ತದೆ, ಬೆರಳಿನಿಂದ ಒತ್ತಿದರೆ ಚುರುಗುಡುತ್ತದೆ. ಸ್ನಾಯುವಿಗಿಂತ ಅದನ್ನು ಸುತ್ತಿರುವ ತೆಳುಪೊರೆಯಲ್ಲೇ ಈ ಸೂಕ್ಷ್ಮತೆ ಹೆಚ್ಚು ಎಂದು ತೋರಿಸಿದ ಅಧ್ಯಯನಗಳೂ ಇವೆ. ಸಾಮಾನ್ಯವಾಗಿ ಒಂದು ದಿನದ ಮೇಲೆ ಶುರುವಾಗಿ, ಎರಡು ಮೂರನೆಯ ದಿನ ಉತ್ತುಂಗಕ್ಕೇರಿ, ವಾರದೊಳಗೆ ತಾನಾಗಿ ಹೋಗುತ್ತದೆ. ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ನೋವಿನ ಪ್ರಮಾಣಕ್ಕೂ ಸ್ನಾಯುವಿಗಾದ ಹಾನಿಯ ಪ್ರಮಾಣಕ್ಕೂ ನೇರ ಸಂಬಂಧವಿಲ್ಲ. ಹೆಚ್ಚು ನೋವಿದ್ದೂ ಹಾನಿ ಕಡಿಮೆ ಇರಬಹುದು. ನೋವು ಇಳಿದ ಮೇಲೂ ಶಕ್ತಿ ಪೂರ್ತಿ ಮರಳಿರದೆ ಇರಬಹುದು.

ಈ ನೋವಿನ ಕತೆಯಲ್ಲಿ ನನಗೆ ಅತ್ಯಂತ ಮುಖ್ಯ ಎನಿಸುವುದು ಅದರ ಎರಡನೆಯ ಸಲ. ಅದೇ ವ್ಯಾಯಾಮವನ್ನು ವಾರ ಎರಡು ವಾರ ಬಿಟ್ಟು ಮತ್ತೆ ಮಾಡಿದರೆ, ಅಷ್ಟೇ ಭಾರ, ಅಷ್ಟೇ ಸಲ, ನೋವು ಬಹಳ ಕಡಿಮೆಯಾಗಿರುತ್ತದೆ. ಒಂದೇ ಒಂದು ಸಲದ ಅನುಭವದಿಂದ ಸ್ನಾಯು, ಅದರ ಪೊರೆ ಮತ್ತು ಅದನ್ನಾಳುವ ನರಗಳು ಕಲಿತುಕೊಳ್ಳುತ್ತವೆ. ಈ ರಕ್ಷಣೆ ವಾರಗಟ್ಟಲೆ ಉಳಿಯುತ್ತದೆ, ಕೆಲವು ಪ್ರಯೋಗಗಳಲ್ಲಿ ಆರು ತಿಂಗಳವರೆಗೂ ಅದರ ಗುರುತು ಸಿಕ್ಕಿದೆ. ಜಪಾನ್ ಮೂಲದ, ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುವ ಕೆನ್ ನೊಸಾಕ ಇದನ್ನು ಹಲವು ವರ್ಷ ಬೆನ್ನು ಹತ್ತಿದವರು. ಅವರೂ ಸಂಗಡಿಗರೂ 2008ರಲ್ಲಿ ಪ್ರಕಟಿಸಿದ ಪ್ರಯೋಗ ಹೊಸಬರಿಗೆಲ್ಲ ತಿಳಿದಿರಬೇಕಾದದ್ದು. ತಮ್ಮ ಶಕ್ತಿಯ ಹತ್ತನೇ ಒಂದು ಭಾಗದಷ್ಟೇ ಭಾರವನ್ನು ಇಳಿಸುವ ವ್ಯಾಯಾಮ ಮಾಡಿದವರಿಗೆ ನೋವೇ ಬರಲಿಲ್ಲವೆನ್ನಬಹುದು. ಎರಡು ದಿನ ಬಿಟ್ಟು ಅವರಿಗೆ ಅದರ ನಾಲ್ಕು ಪಟ್ಟು ಭಾರ ಕೊಟ್ಟಾಗ, ಹಗುರ ಭಾರದ ಪೂರ್ವಸಿದ್ಧತೆ ಇಲ್ಲದವರಿಗಿಂತ ಕಡಿಮೆ ತೊಂದರೆಯಾಯಿತು. ಅಂದರೆ ರಕ್ಷಣೆ ಪಡೆಯಲು ಮೊದಲು ನರಳಲೇಬೇಕೆಂದಿಲ್ಲ. ಈ ನೋವಿಗೆ ಇರುವ ಅತ್ಯುತ್ತಮ ಔಷಧವನ್ನು ನೋವು ಬರುವ ಮೊದಲೇ ತೆಗೆದುಕೊಳ್ಳಬೇಕು. ಅದು ಹಗುರವಾದ ಮೊದಲ ವಾರ.

ನಮ್ಮ ಹಿಂದಿನವರಿಗೆ ಇದು ಅನುಭವದಿಂದ ಗೊತ್ತಿತ್ತು. ಮಲೆನಾಡಿನಲ್ಲಿ ನಾಟಿ ಶುರುವಾದ ಮೊದಲೆರಡು ದಿನ ನಡು ಹಿಡಿದುಕೊಂಡು ಕೂರುವವರು ನಾಲ್ಕನೆಯ ದಿನಕ್ಕೆ ಅದರ ಮಾತೇ ಆಡುವುದಿಲ್ಲ. ಗರಡಿ ಮನೆಗಳ ಕ್ರಮವೂ ಹಾಗೇ ಇತ್ತು. ಮೈಸೂರಿನ ಗರಡಿಗಳಲ್ಲಿ ಹೊಸ ಹುಡುಗನನ್ನು ಬಂದ ದಿನವೇ ಕುಸ್ತಿಗೆ ಇಳಿಸುತ್ತಿರಲಿಲ್ಲ. ಮಟ್ಟಿ ಅಗೆಯುವುದು, ಕೆಲವು ದಂಡ, ಕೆಲವು ಬಸ್ಕಿ. ಉಸ್ತಾದರು ಹುಡುಗನ ಮೈ ನೋಡಿ ಲೆಕ್ಕ ಏರಿಸುತ್ತಿದ್ದರು. ಸಾವಿರ ಬಸ್ಕಿ ಹೊಡೆಯುವ ಪೈಲ್ವಾನರ ಮಾತು ಕೇಳಿ ನಾವು ಬೆರಗಾಗುತ್ತೇವೆ. ಆದರೆ ಆ ಸಾವಿರಕ್ಕೆ ತಲುಪಲು ಅವರು ತೆಗೆದುಕೊಂಡ ವರ್ಷಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಭಾರ ಎತ್ತಿ ಮೈ ಬೆಳೆಸುವ ವಿದ್ಯೆ ನಮಗೆ ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸುತ್ತಿದ್ದರು. ದೂರದ ಊರಿನವರಿಗೆ ಅಂಚೆಯಲ್ಲಿ ವ್ಯಾಯಾಮದ ಪಾಠ ಕಳಿಸುತ್ತಿದ್ದರು. ಸೂರ್ಯನಮಸ್ಕಾರವನ್ನೂ ಬಾರ್‌ಬೆಲ್ಲನ್ನೂ ಒಂದೇ ಸೂರಿನಡಿ ತಂದ ಅವರ ಹೆಸರು ಇವತ್ತಿನ ಜಿಮ್ ಹುಡುಗರ ಬಾಯಲ್ಲಿ ಇಲ್ಲದಿರುವುದು ನನಗೆ ಬೇಸರದ ಸಂಗತಿ.

ಈಗಿನ ಹಲವು ಜಿಮ್‌ಗಳಲ್ಲಿ ಮೊದಲ ದಿನವೆಂದರೆ ಪರೀಕ್ಷೆಯ ದಿನ. ಹೊಸಬರನ್ನು ಒಂದೇ ಏಟಿಗೆ ಮಣಿಸಿ, ‘ನಾಳೆ ಮೇಲೆದ್ದು ನೋಡಿ’ ಎಂದು ಕಳಿಸುತ್ತಾರೆ. ನೋವು ಬಂದರೆ ಕಲಿಸಿದವರ ಹೆಚ್ಚುಗಾರಿಕೆ, ಕಲಿತವರ ಪುಣ್ಯ ಎಂಬ ನಂಬಿಕೆ ಎರಡೂ ಕಡೆ ಇದೆ. ಮೂರನೆಯ ದಿನ ಬಾಚಣಿಗೆ ಹಿಡಿದ ಕೈಯನ್ನು ತಲೆಯವರೆಗೆ ಎತ್ತಲಾಗದೆ, ಭಾರತೀಯ ಶೈಲಿಯ ಶೌಚಾಲಯದಲ್ಲಿ ಕೂತು ಏಳಲಾಗದೆ ಒದ್ದಾಡಿದವರಲ್ಲಿ ಎಷ್ಟೋ ಮಂದಿ ಮತ್ತೆ ಆ ಬಾಗಿಲು ತುಳಿಯುವುದಿಲ್ಲ. ವರ್ಷದ ಶುಲ್ಕ ಕಟ್ಟಿ ವಾರಕ್ಕೇ ಬಿಟ್ಟವರನ್ನು ಸೋಮಾರಿ ಎಂದುಬಿಡುತ್ತೇವೆ. ಆದರೆ ತಪ್ಪು ಅಳತೆಯದ್ದು, ಅವರದಲ್ಲ.

ನೋವು ಬಂದರೇ ಸ್ನಾಯು ಬೆಳೆಯುವುದು ಎಂಬ ನಂಬಿಕೆಯನ್ನು ಬ್ರೆಜಿಲ್‌ನ ಸಂಶೋಧಕರು 2016ರಲ್ಲಿ ಪರೀಕ್ಷಿಸಿದರು. ವ್ಯಾಯಾಮದ ರೂಢಿಯಿಲ್ಲದ ಹತ್ತು ಮಂದಿ ಯುವಕರಿಗೆ ಹತ್ತು ವಾರ ಭಾರ ಎತ್ತಿಸಿದರು. ಮೊದಲ ದಿನ ಸ್ನಾಯುವಿಗೆ ಆದ ಹಾನಿಯೂ ಹೆಚ್ಚು, ಅಲ್ಲಿ ಹೊಸ ಪ್ರೋಟೀನ್ ಕಟ್ಟುವ ಕೆಲಸವೂ ಹೆಚ್ಚು. ಆದರೆ ಆ ಕಟ್ಟುವಿಕೆಗೂ ಕೊನೆಯಲ್ಲಿ ಆದ ಬೆಳವಣಿಗೆಗೂ ತಾಳೆಯಾಗಲಿಲ್ಲ, ಅದೆಲ್ಲ ದುರಸ್ತಿಗೇ ಖರ್ಚಾಗಿತ್ತು. ಮೂರನೆಯ ವಾರದ ಹೊತ್ತಿಗೆ ಹಾನಿ ಇಳಿದ ಮೇಲೆ ನಡೆದ ಕಟ್ಟುವಿಕೆ ಮಾತ್ರ ಬೆಳವಣಿಗೆಯೊಂದಿಗೆ ಹೊಂದಿಕೊಂಡಿತು. ಮೈ ಬೆಳೆಯಲು ಸ್ನಾಯುವಿಗೆ ಹಾನಿಯಾಗಲೇಬೇಕೆಂದಿಲ್ಲ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

ವೇಟ್‌ಲಿಫ್ಟಿಂಗ್ ಸ್ಪರ್ಧೆಯನ್ನು ಗಮನಿಸಿದರೂ ನೋವಿನ ಮೂಲ ಇಳಿಸುವುದರಲ್ಲಿದೆ ಎಂಬುದು ಹೊಳೆಯುತ್ತದೆ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆಜಿ ವಿಭಾಗದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಗೆದ್ದರು, ಆ ಕೂಟದಲ್ಲಿ ಭಾರತದ ಮೊದಲ ಪದಕ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆಜಿ ವಿಭಾಗದಲ್ಲಿ ಕಂಚು. ಆ ವಿಡಿಯೊಗಳನ್ನು ನೋಡುವಾಗ ಎತ್ತಿದ ಕ್ಷಣದ ಮುಂದಿನದನ್ನೂ ಗಮನಿಸಿ. ತಲೆಯ ಮೇಲೆ ನಿಂತ ಭಾರವನ್ನು ಯಾರೂ ನಿಧಾನವಾಗಿ ಇಳಿಸುವುದಿಲ್ಲ, ಕೆಳಗೆ ಬಿಟ್ಟುಬಿಡುತ್ತಾರೆ. ಅಷ್ಟು ದೊಡ್ಡ ಭಾರವನ್ನು ತೋಳು ಮತ್ತು ಭುಜಗಳು ತಡೆದು ಇಳಿಸುವ ಪ್ರಮೇಯವೇ ಬರುವುದಿಲ್ಲ. ಅವರ ತಾಲೀಮಿನಲ್ಲಿ ಬಸ್ಕಿಯಂಥ ಇಳಿಸುವ ಕೆಲಸವೂ ಇರುತ್ತದೆ ನಿಜ, ಆದರೆ ಎತ್ತಿ ಬಿಡುವ ಈ ಪದ್ಧತಿಯಿಂದ ಮರುದಿನವೂ ತಾಲೀಮಿಗೆ ಬರುವುದು ಸುಲಭವಾಗುತ್ತದೆ. ಹಾಗೆಂದು ಜಿಮ್‌ನಲ್ಲಿ ನಾವು ಡಂಬೆಲ್ ಬೀಳಿಸಬೇಕಿಲ್ಲ. ಇಳಿಸುವ ಕೆಲಸ ಸ್ನಾಯುವನ್ನು ಬಲಪಡಿಸುವುದರಲ್ಲಿ ಬಹಳ ಸಮರ್ಥವಾದದ್ದು. ರೂಢಿಯಾಗುವ ತನಕ ಅದರ ಅಳತೆ ಕಡಿಮೆ ಇರಲಿ, ಅಷ್ಟೆ.

ಇನ್ನು ನೋವು ಬಂದೇಬಿಟ್ಟಿದೆ, ಏನು ಮಾಡುವುದು?

ಮಲಗಿಬಿಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅದಕ್ಕಿಂತ ನಡೆದಾಡುವುದು ಮೇಲು. ಮೈ ಬಿಸಿಯಾಗುವಷ್ಟು ನಡಿಗೆ, ಭಾರವಿಲ್ಲದೆ ಕೈಕಾಲು ಆಡಿಸುವುದು, ನಿಧಾನವಾಗಿ ಸೈಕಲ್ ತುಳಿಯುವುದು, ಇವು ನೋವನ್ನು ಅಷ್ಟು ಹೊತ್ತು ಹಗುರ ಮಾಡುತ್ತವೆ. ನಿಲ್ಲಿಸಿದ ಮೇಲೆ ನೋವು ಮರಳಬಹುದು, ಬೇಗ ವಾಸಿಯಾಗುತ್ತದೆಂದೂ ಹೇಳಲಾಗದು. ಆದರೂ ದಿನ ಕಳೆಯುವುದು ಸುಲಭವಾಗುತ್ತದೆ. ತೊಡೆ ನೋಯುತ್ತಿರುವ ದಿನ ಬೆನ್ನಿನ, ತೋಳಿನ ವ್ಯಾಯಾಮಕ್ಕೆ ಅಡ್ಡಿಯಿಲ್ಲ. ಅದೇ ತೊಡೆಗೆ ದೊಡ್ಡ ಭಾರ ಮಾತ್ರ ಬೇಡ. ನೋಯುವ ಸ್ನಾಯುವಿನ ಬಲವೂ ಹಿಡಿತವೂ ಆಗ ಕಡಿಮೆ, ಭಂಗಿ ತಪ್ಪಿ ಕೀಲಿಗೆ ಪೆಟ್ಟಾಗಬಹುದು.

ಸ್ಟ್ರೆಚಿಂಗ್ ಬಗ್ಗೆ ಹೇಳುವುದು ಹಲವರಿಗೆ ಇಷ್ಟವಾಗದು. ವ್ಯಾಯಾಮಕ್ಕೆ ಮುಂಚೆ ಮಾಡಿದರೂ ಆಮೇಲೆ ಮಾಡಿದರೂ ಈ ನೋವಿನಲ್ಲಿ ಗಮನಕ್ಕೆ ಬರುವಷ್ಟು ವ್ಯತ್ಯಾಸವಿಲ್ಲ ಎಂದು ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2011ರ ವಿಮರ್ಶೆ ಹೇಳುತ್ತದೆ. ನೋವನ್ನು ನೂರು ಅಂಕಗಳಲ್ಲಿ ಅಳೆದರೆ ಇಳಿಕೆ ಸಾಮಾನ್ಯವಾಗಿ ಒಂದು ಅಂಕದ ಆಸುಪಾಸು. ಮೈ ಬಾಗುವಂತಿರಲಿ ಎಂದು ಮಾಡುವವರು ಮಾಡಲಿ, ಅದು ಒಳ್ಳೆಯದೇ. ನೋವು ಹೋಗುತ್ತದೆಂದು ಹಿಡಿದುಕೊಂಡ ತೊಡೆಯನ್ನು ಹಲ್ಲು ಕಚ್ಚಿ ಎಳೆಯುವುದರಲ್ಲಿ ಅರ್ಥವಿಲ್ಲ.

ಮಾಲೀಸಿನ ಮಾತು ಬೇರೆ. ಫ್ರಾನ್ಸಿನ ಸಂಶೋಧಕರು 2018ರಲ್ಲಿ 99 ಅಧ್ಯಯನಗಳನ್ನು ಒಟ್ಟುಗೂಡಿಸಿ, ಐಸ್ ಸ್ನಾನ, ಬಿಗಿ ಉಡುಪು, ಸ್ಟ್ರೆಚಿಂಗ್ ಮುಂತಾದ ಉಪಾಯಗಳನ್ನೆಲ್ಲ ಹೋಲಿಸಿದಾಗ ಮಸಾಜ್ ಎಲ್ಲಕ್ಕಿಂತ ಮುಂದಿತ್ತು. ಸಾಮು ಮುಗಿದ ಮೇಲೆ ಪೈಲ್ವಾನರು ಒಬ್ಬರಿಗೊಬ್ಬರು ಮೈ ತಿಕ್ಕಿಕೊಳ್ಳುವುದನ್ನು ಗರಡಿಗಳಲ್ಲಿ ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಮನೆಯಲ್ಲಿ ಎಣ್ಣೆ ಹಚ್ಚಿ, ನೋವು ಹೆಚ್ಚದಷ್ಟು ಹದವಾಗಿ ತಿಕ್ಕಿ, ಬಿಸಿನೀರು ಹುಯ್ದುಕೊಂಡರೂ ಹಿತವಾಗುತ್ತದೆ. ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಎಂಬುದಕ್ಕಿಂತ ತಿಕ್ಕುವ ಕೈ ಮುಖ್ಯ ಎಂಬುದು ನನ್ನ ಎಣಿಕೆ.

ಮಂಜುಗಡ್ಡೆ ತುಂಬಿದ ತೊಟ್ಟಿಯಲ್ಲಿ ಕ್ರಿಕೆಟಿಗರು ಕೂತಿರುವ ಚಿತ್ರ ನೋಡಿ ಅದನ್ನೂ ಮಾಡುವವರಿದ್ದಾರೆ. ತಣ್ಣೀರು ನೋವನ್ನು ಕೊಂಚ ಇಳಿಸುತ್ತದೆ. ನಾಳೆಯೇ ಮತ್ತೊಂದು ಪಂದ್ಯ ಇರುವ ಕಬಡ್ಡಿ ಆಟಗಾರರಿಗೆ ಅದು ಉಪಯೋಗಕ್ಕೆ ಬಂದೀತು. ಮೈ ಬೆಳೆಸಲೆಂದು ಭಾರ ಎತ್ತುವವರಿಗೆ ಮಾತ್ರ ಅದು ನಷ್ಟದ ಬಾಬತ್ತು. ಆಸ್ಟ್ರೇಲಿಯಾದಲ್ಲಿ 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹನ್ನೆರಡು ವಾರ ಪ್ರತಿ ಸಲ ಭಾರ ಎತ್ತಿದ ಮೇಲೆ 10 ಡಿಗ್ರಿ ನೀರಿನಲ್ಲಿ ಹತ್ತು ನಿಮಿಷ ಕೂತವರ ಸ್ನಾಯುವೂ ಶಕ್ತಿಯೂ ಹಗುರವಾಗಿ ಸೈಕಲ್ ತುಳಿದವರಷ್ಟು ಬೆಳೆಯಲಿಲ್ಲ.

ಮಾತ್ರೆಗಳ ವಿಷಯದಲ್ಲಿ ನನಗೆ ಹೆಚ್ಚಿನ ಕಳವಳವಿದೆ. ನಮ್ಮಲ್ಲಿ ಮೆಡಿಕಲ್ ಶಾಪಿಗೆ ಹೋಗಿ ‘ಮೈಕೈ ನೋವಿಗೆ ಏನಾದರೂ ಕೊಡಿ’ ಎಂದರೆ ಐಬುಪ್ರೊಫೆನ್ನೋ ಡೈಕ್ಲೊಫೆನಾಕೋ ಕೈಗೆ ಬರುತ್ತದೆ. ಸ್ವೀಡನ್ನಿನ ಕ್ಯಾರೊಲಿನ್‌ಸ್ಕಾ ಸಂಸ್ಥೆಯ ಸಂಶೋಧಕರು ಯುವಜನರಿಗೆ ಎಂಟು ವಾರ ವ್ಯಾಯಾಮದ ಜೊತೆ ದಿನಕ್ಕೆ 1200 ಮಿಲಿಗ್ರಾಂ ಐಬುಪ್ರೊಫೆನ್ ಕೊಟ್ಟು ನೋಡಿದರು. ತೀರಾ ಸಣ್ಣ ಪ್ರಮಾಣದ ಆಸ್ಪಿರಿನ್ ಪಡೆದವರಿಗೆ ಹೋಲಿಸಿದರೆ ಇವರ ಸ್ನಾಯು ಬೆಳೆದದ್ದು ಅರ್ಧದಷ್ಟು ಮಾತ್ರ. ಇದು 2018ರಲ್ಲಿ ಪ್ರಕಟವಾಯಿತು. ಬೆಳವಣಿಗೆಯ ಮಾತು ಹಾಗಿರಲಿ, ರಾಯಚೂರು ಕಲಬುರಗಿಯ ಬೇಸಿಗೆಯಲ್ಲಿ ಬೆವರಿ ನೀರು ಕಳೆದುಕೊಂಡ ದೇಹಕ್ಕೆ ಈ ಮಾತ್ರೆಗಳು ಸೇರಿದರೆ ಮೂತ್ರಪಿಂಡಕ್ಕೆ ಅಪಾಯ. ಜಠರದಲ್ಲಿ ಹುಣ್ಣು ಇರುವವರಿಗೆ, ರಕ್ತದೊತ್ತಡದ ಔಷಧ ನುಂಗುವವರಿಗೆ ಇನ್ನೂ ಹೆಚ್ಚು. ವಾರದಲ್ಲಿ ತಾನೇ ಹೋಗುವ ನೋವಿಗೆ ಇಷ್ಟು ಬೆಲೆ ತೆರಬೇಕಿಲ್ಲ.

ಊಟದ ವಿಚಾರವನ್ನು ಬೇಗ ಹೇಳಿ ಮುಗಿಸುತ್ತೇನೆ. ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಾಮಾನ್ಯ ಶಿಫಾರಸು. ಭಾರ ಎತ್ತುವವರಿಗೆ 1.6 ಗ್ರಾಂ ವರೆಗೆ ಉಪಯೋಗವಿದೆ ಎಂಬುದು ಹಲವು ಪ್ರಯೋಗಗಳ ಒಟ್ಟು ಫಲ. ಮುದ್ದೆಯ ಜೊತೆ ತಿಳಿಸಾರಿಗೆ ಬದಲು ಹುರುಳಿ ಸಾರು ಗಟ್ಟಿಯಾಗಿರಲಿ, ಹೆಸರುಕಾಳಿನ ಉಸಲಿ, ಮೊಸರು, ತಿನ್ನುವವರಾದರೆ ಮೊಟ್ಟೆ ಮೀನು ಇರಲಿ. ಇವು ಆ ದಿನದ ನೋವನ್ನು ಓಡಿಸುವುದಿಲ್ಲ, ದುರಸ್ತಿಗೆ ಸಾಮಗ್ರಿ ಒದಗಿಸುತ್ತವೆ. ರಾತ್ರಿಯ ನಿದ್ದೆಯನ್ನಂತೂ ಯಾವ ಡಬ್ಬಿಯ ಪುಡಿಯೂ ತುಂಬಿಕೊಡದು.

ಎಲ್ಲ ನೋವೂ ಈ ನೋವಲ್ಲ. ಎತ್ತುತ್ತಿರುವಾಗಲೇ ಚಳಕ್ ಎಂದು ಬಂದದ್ದು, ಒಂದೇ ಬದಿಗೆ ಇರುವುದು, ಕೀಲಿನಲ್ಲಿ ಇರುವುದು, ವಾರ ಕಳೆದರೂ ಇಳಿಯದ್ದು ಉಳುಕೋ ಸ್ನಾಯು ಹರಿದದ್ದೋ ಇರಬಹುದು, ವೈದ್ಯರಿಗೆ ತೋರಿಸಬೇಕು. ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಸ್ನಾಯುವಿನ ಹಾನಿ ಮಿತಿಮೀರಿದಾಗ ಅದರೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬಿದ್ದಾಗ ಕಟ್ಟಡಗಳ ಅವಶೇಷಗಳಡಿ ಸಿಕ್ಕು ಬದುಕುಳಿದವರು ಕೆಲ ದಿನಗಳಲ್ಲಿ ಮೂತ್ರಪಿಂಡ ಸೋತು ಸಾಯುವುದನ್ನು ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು 1941ರಲ್ಲಿ ದಾಖಲಿಸಿದರು. ಅದೇ ಸ್ಥಿತಿ ರೂಢಿಯಿಲ್ಲದ ವಿಪರೀತ ವ್ಯಾಯಾಮದಿಂದಲೂ ಬರಬಲ್ಲದು. ಮೂತ್ರ ಹಾಲಿಲ್ಲದ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಸ್ನಾಯು ಗಟ್ಟಿಯಾಗಿ ಊದಿ ಕೈಕಾಲು ಎತ್ತಲಾಗದಷ್ಟು ನಿತ್ರಾಣವಾದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೋಗಬೇಕು. ಡೆಂಗಿ, ವಿಷಮಶೀತ ಜ್ವರದಿಂದ ಎದ್ದವರು, ಕೊಲೆಸ್ಟೆರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುವವರು ಇನ್ನಷ್ಟು ಎಚ್ಚರದಿಂದಿರಬೇಕು.

ಎದೆಯ ವಿಷಯವನ್ನು ಕರ್ನಾಟಕದಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ವ್ಯಾಯಾಮದ ಬಳಿಕ ಅವರ ಆರೋಗ್ಯ ಕೆಟ್ಟಿತ್ತೆಂಬ ಸುದ್ದಿ ಮನೆಮನೆ ಮುಟ್ಟಿ, ಎಷ್ಟೋ ತಾಯಂದಿರು ಮಕ್ಕಳನ್ನು ಜಿಮ್‌ಗೆ ಕಳಿಸಲು ಹೆದರಿದರು. ಆ ದುಃಖ ನಮಗೆಲ್ಲ ಇನ್ನೂ ಇದೆ. ಬೆಂಚ್ ಪ್ರೆಸ್ ಮಾಡಿದ ಮಾರನೆಯ ದಿನ ಬರುವ ಎದೆನೋವು ಒತ್ತಿದರೆ ಹೆಚ್ಚುತ್ತದೆ, ತೋಳು ಚಾಚಿದರೆ ಎಳೆಯುತ್ತದೆ. ಎದೆಯ ಮೇಲೆ ಭಾರ ಕುಳಿತಂತಾಗಿ, ಬೆವರಿ, ಉಸಿರು ಕಟ್ಟಿ, ನೋವು ದವಡೆಗೋ ಎಡ ತೋಳಿಗೋ ಹಬ್ಬಿದರೆ ಅದು ಬೇರೆಯೇ. ಅನುಮಾನವಿದ್ದಾಗ ‘ಜಿಮ್ ನೋವಿರಬೇಕು’ ಎಂದು ಸಮಾಧಾನ ಮಾಡಿಕೊಳ್ಳದೆ ಇಸಿಜಿ ಮಾಡಿಸಿ.

ಇನ್ನೊಂದು ಉಪಯುಕ್ತ ಸಂಗತಿ. ಹೊಸದಾಗಿ ಭಾರ ಎತ್ತಿದ ಒಂದು ವಾರದವರೆಗೂ ರಕ್ತಪರೀಕ್ಷೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಕಿಣ್ವಗಳ ಮಟ್ಟ ಏರಿರಬಹುದು. ಸ್ನಾಯುವಿನಿಂದ ಹೊರಬಿದ್ದ ಕಿಣ್ವಗಳನ್ನು ಯಕೃತ್ತಿನ ಕಾಯಿಲೆ ಎಂದುಕೊಂಡು ಗಾಬರಿಯಾದವರಿದ್ದಾರೆ. ಆರೋಗ್ಯ ತಪಾಸಣೆಗೆ ಹೋಗುವ ಮುಂಚೆ ಕೆಲ ದಿನ ಭಾರ ಎತ್ತದಿರುವುದು ಮೇಲು, ಎತ್ತಿದ್ದರೆ ವೈದ್ಯರಿಗೆ ಹೇಳಬೇಕು.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರೆಲ್ಲರೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕು ಎಂದಿದೆ. ಅರವತ್ತೈದು ದಾಟಿದವರೂ ಅದರಲ್ಲಿ ಸೇರಿದ್ದಾರೆ. ಜಿಮ್ ಎಂದರೆ ಹುಡುಗರ ಜಾಗ ಎಂದುಕೊಂಡಿರುವ ನಮ್ಮ ಅಕ್ಕಂದಿರು, ಅಮ್ಮಂದಿರಿಗೇ ಇದರ ಅಗತ್ಯ ಹೆಚ್ಚು. ಮೂಳೆ ತೆಳುವಾಗುವ, ಮಂಡಿ ಸೋಲುವ, ಬಚ್ಚಲಲ್ಲಿ ಜಾರಿ ಸೊಂಟ ಮುರಿಯುವ ವಯಸ್ಸಿನಲ್ಲಿ ತೊಡೆಯ ಬಲವೇ ಆಧಾರ. ಅಂಥವರು ಧೈರ್ಯ ಮಾಡಿ ಬಂದಾಗ ಮೊದಲ ವಾರವೇ ಮಲಗಿಸಿಬಿಟ್ಟರೆ ಅವರು ಮತ್ತೆ ಬರುವುದಿಲ್ಲ, ಮನೆಯವರೂ ಬಿಡುವುದಿಲ್ಲ. ನಾನು ಹೋಗುವ ಕಡೆ ಒಬ್ಬ ಹುಡುಗಿ ಕಲಿಸುತ್ತಾಳೆ. ಹೊಸದಾಗಿ ಬಂದ ಹಿರಿಯರು ‘ಇನ್ನೂ ಮಾಡಬಲ್ಲೆ ಕಣಮ್ಮ’ ಎಂದರೆ, ‘ಗೊತ್ತು ಆಂಟಿ, ಇವತ್ತಿಗೆ ಇಷ್ಟೇ. ನಾಡಿದ್ದು ಬನ್ನಿ, ಆಗ ನೋಡೋಣ’ ಎನ್ನುತ್ತಾಳೆ. ಇಷ್ಟು ಒಳ್ಳೆಯ ಪಾಠ ನಾನು ಬೇರೆ ಕಡೆ ಕೇಳಿಲ್ಲ.

ಆ ‘ಇಷ್ಟೇ’ ಎಂದರೆ ಎಷ್ಟು ಎಂದು ಕೇಳುವವರಿಗೆ: ಮೊದಲ ಎರಡು ದಿನ ಒಂದೊಂದು ವ್ಯಾಯಾಮಕ್ಕೂ ಒಂದೇ ಸೆಟ್ಟು, ಮುಗಿದಾಗ ಇನ್ನೂ ಐದಾರು ಸಲ ಎತ್ತಬಹುದಿತ್ತು ಎನಿಸುವಷ್ಟು ಹಗುರ. ನಡುವೆ ಒಂದೆರಡು ದಿನ ಬಿಡುವು. ಎರಡನೆಯ ವಾರ ಎರಡು ಸೆಟ್ಟು, ಮೂರನೆಯ ವಾರದಿಂದ ಭಾರ ಸ್ವಲ್ಪಸ್ವಲ್ಪ ಏರಲಿ. ಹಿರಿಯರು ಕುರ್ಚಿಯಿಂದ ಕೈ ಊರದೆ ಎದ್ದು, ನಿಧಾನವಾಗಿ ಕೂರುವುದರಿಂದಲೇ ಶುರುಮಾಡಬಹುದು. ಕೂರುವುದು ಇಳಿಸುವ ಕೆಲಸವಾದ್ದರಿಂದ ಮೊದಲ ದಿನ ಎಂಟು ಹತ್ತು ಸಲ ಸಾಕು. ಹೊಸ ವ್ಯಾಯಾಮ ಸೇರಿಸಿದಾಗಲೆಲ್ಲ ಅದೊಂದನ್ನು ಮತ್ತೆ ಹಗುರದಿಂದಲೇ ಆರಂಭಿಸಬೇಕು, ಉಳಿದವನ್ನು ಎಷ್ಟೇ ಕಾಲದಿಂದ ಮಾಡುತ್ತಿದ್ದರೂ. ಮದುವೆ, ಹಬ್ಬ, ಜ್ವರ ಎಂದು ತಿಂಗಳುಗಟ್ಟಲೆ ಬಿಟ್ಟು ಮರಳಿದವರು ಬಿಟ್ಟ ಜಾಗದಿಂದ ಹಿಡಿಯದೆ, ಅರ್ಧ ಭಾರದಿಂದ ಹಿಡಿಯಬೇಕು. ಎರಡು ಮೂರು ವಾರದಲ್ಲಿ ಹಳೆಯ ಭಾರ ಕೈಗೆ ಬರುತ್ತದೆ.